ಮೈಸೂರು ಅರಮನೆ ಸುತ್ತಿನ ಕೆರೆ ದಾರಿಗಳು: ಮಕ್ಕಳು, ಅಜ್ಜಿ-ತಾತನ ಜೊತೆ ನಡೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿಗೆ ನೆಂಟರು ಬಂದರೆ ಅರಮನೆ, ಝೂ, ಬೃಂದಾವನ ತೋರಿಸಿ ಬಸ್ ಹತ್ತಿಸುವುದು ನಮ್ಮನೆಯಲ್ಲೂ ನಡೆದುಬಂದ ಪದ್ಧತಿ. ದೊಡ್ಡವರು ಊರು ಸೇರಿದ ಮೇಲೆ ಫೋನ್ ಮಾಡಿ ಕಾಲು ಬಿದ್ದುಹೋಯ್ತು ಅನ್ನುತ್ತಿದ್ದರು. ಮಕ್ಕಳನ್ನು ಕೇಳಿದರೆ ಅವರಿಗೆ ನೆನಪಿರುತ್ತಿದ್ದದ್ದು ಅರಮನೆ ಗೇಟಿನ ಹತ್ತಿರ ಕೊಡಿಸಿದ ಪೀಪಿ ಮಾತ್ರ. ಒಂದು ಸಲ ಬೆಳಗ್ಗೆ ಬೇರೆ ಏನೂ ತೋಚದೆ ಎಲ್ಲರನ್ನೂ ಕೆರೆ ಕಡೆ ಹೊರಡಿಸಿದೆವು. ಅವತ್ತಿನಿಂದ ನೆಂಟರೇ ಕೇಳುತ್ತಾರೆ, ನಾಳೆ ಕೆರೆಗೆ ಹೋಗೋಣ್ವಾ ಅಂತ.

ಕೇಳುವ ಪ್ರಶ್ನೆಗಳು ಯಾವಾಗಲೂ ಹೆಚ್ಚುಕಡಿಮೆ ಇವೇ. ನನ್ನ ಜೊತೆ ಬರುವವರು 7 ವರ್ಷದ ಮಗಳು, 3 ವರ್ಷದ ಮಗ, ಮತ್ತೆ ಮಂಡಿನೋವಿನ ನಮ್ಮತ್ತೆ. ಕೆಳಗಿನ ಉತ್ತರಗಳೆಲ್ಲ ಇವರ ಕಾಲಿನ ಅಳತೆಗೆ ಬರೆದದ್ದು. ಸರಸರ ಓಡುವವರು ಸಮಯವನ್ನು ಅರ್ಧ ಮಾಡಿಕೊಳ್ಳಿ.

ಅರಮನೆ ಇರುವುದು ಊರ ಮಧ್ಯೆ. ಅಲ್ಲಿ ಕೆರೆ ಎಲ್ಲಿ, ಕಾಡು ಎಲ್ಲಿ?

ಅರಮನೆ ಪಕ್ಕದಲ್ಲೇ ಒಂದು ಕೆರೆ ಇತ್ತು. ದಸರಾ ವಸ್ತುಪ್ರದರ್ಶನ ನಡೆಯುವ ಜಾಗಕ್ಕೆ ಇವತ್ತಿಗೂ ದೊಡ್ಡಕೆರೆ ಮೈದಾನ ಅಂತಲೇ ಹೆಸರು. ಕೆರೆ ಹೋಯಿತು, ಹೆಸರು ಉಳಿಯಿತು. ಈಗ ಅಲ್ಲಿ ಜಯಂಟ್ ವೀಲ್ ತಿರುಗುತ್ತದೆ.

ಉಳಿದಿರುವ ಕೆರೆಗಳಲ್ಲಿ ಮನೆಮಂದಿ ಜೊತೆ ನಡೆಯೋಕೆ ನಾನು ಹೇಳುವುದು ಮೂರು. ಪಶ್ಚಿಮಕ್ಕೆ, ಮಾನಸಗಂಗೋತ್ರಿ ಪಕ್ಕದ ಕುಕ್ಕರಹಳ್ಳಿ ಕೆರೆ. ಪೂರ್ವದ ಕಡೆ, ಝೂಗೆ ಅಂಟಿಕೊಂಡ ಹಾಗಿರುವ ಕಾರಂಜಿ ಕೆರೆ. ಊರಿನ ಅಂಚಿಗೆ, ಶ್ರೀರಾಂಪುರದ ಕಡೆ ಲಿಂಗಾಂಬುಧಿ ಕೆರೆ. ಇವುಗಳ ಜೊತೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ದಾರಿ. ಅದು ಕೆರೆ ಅಲ್ಲ, ಆದರೆ ಕಾಡು ಅನ್ನುವ ಮಾತಿಗೆ ನಿಜವಾಗಿ ಒಪ್ಪುವುದು ಅದೇ, ಯಾಕಂದ್ರೆ ಬೆಟ್ಟದ ಸುತ್ತ ಇರುವುದು ಮೀಸಲು ಅರಣ್ಯ. ಕೆರೆ ದಂಡೆಯಲ್ಲಿರುವುದು ತೋಪು ಮತ್ತು ಕುರುಚಲು. ದೊಡ್ಡ ಮರ, ಬಿದಿರು ಮೆಳೆ, ಅದರ ಕೆಳಗೆ ಲಂಟಾನ. 3 ವರ್ಷದವನಿಗೆ ಅದೇ ದಂಡಕಾರಣ್ಯ.

ಇದನ್ನ ಟ್ರೆಕ್ಕಿಂಗ್ ಅನ್ನಬಹುದಾ?

ಇಲ್ಲ. ಕುದುರೆಮುಖ ಹತ್ತಿ ಬಂದವರು ಇದನ್ನ ವಾಕಿಂಗ್ ಅಂತಲೇ ಕರೆಯುತ್ತಾರೆ, ಸರಿಯೇ. ಆದರೆ ಚಿಕ್ಕ ಮಕ್ಕಳಿಗೆ ಮಣ್ಣಿನ ದಾರಿ, ಬೇರು, ಗುಂಡಿ, ತಲೆ ಮೇಲೆ ಕೊಂಬೆ ಇದ್ದರೆ ಸಾಕು, ಅದು ಚಾರಣವೇ.

ಮೊದಲ ಸಲ ಯಾವ ಕೆರೆಗೆ ಹೋಗಲಿ?

ಕುಕ್ಕರಹಳ್ಳಿಗೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಈ ಕೆರೆ ಕಟ್ಟಿಸಿದ್ದು ಸುತ್ತ ನಡೆದಾಡೋಕೆ ಅಲ್ಲ, ಊರಾಚೆಯ ಹೊಲಗದ್ದೆಗೆ ನೀರು ಹರಿಸೋಕೆ. ಈಗ ಹೊಲಗದ್ದೆ ಇದ್ದ ಕಡೆಯೆಲ್ಲ ಬಡಾವಣೆ ಬಂದಿದೆ. ಕೆರೆ ಮಾತ್ರ ಮೈಸೂರು ವಿಶ್ವವಿದ್ಯಾನಿಲಯದ ಮಗ್ಗುಲಲ್ಲಿ ಉಳಿದುಕೊಂಡಿದೆ. ಮಾನಸಗಂಗೋತ್ರಿ ಅಂತ ಕ್ಯಾಂಪಸ್ಸಿಗೆ ಹೆಸರಿಟ್ಟ ಕುವೆಂಪು ಇಲ್ಲಿ ನಡೆದಾಡುತ್ತಿದ್ದರು ಅನ್ನುವುದು ಮೈಸೂರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು.

ದಾರಿ ಬಹುತೇಕ ಸಮತಟ್ಟು. ಒಂದು ಕಡೆ ನೀರು, ಇನ್ನೊಂದು ಕಡೆ ಮರ. ನೆರಳು ಚೆನ್ನಾಗಿದೆ. ಕೂರೋಕೆ ಕಲ್ಲುಬೆಂಚು ಸಿಗುತ್ತದೆ. ಪೂರ್ತಿ ಸುತ್ತು ಸುಮಾರು 4.5 ರಿಂದ 5 ಕಿಲೋಮೀಟರ್. ಬೆಳಗ್ಗೆ 6 ಗಂಟೆಗೆ ಹೋದರೆ ನಿವೃತ್ತ ಮೇಷ್ಟ್ರುಗಳ ಗುಂಪು, ಓಡುವ ಹುಡುಗರು, ಫೋನಲ್ಲಿ ಸುಪ್ರಭಾತ ಹಾಕಿಕೊಂಡು ನಡೆಯುವವರು, ಎಲ್ಲರೂ ಎದುರಾಗುತ್ತಾರೆ. ಮೂರನೇ ದಿನಕ್ಕೆ ಅವರು ನಿಮ್ಮ ಮಗುವಿನ ಹೆಸರು ಕೇಳಿರುತ್ತಾರೆ.

ಒಂದು ಮಾತು. ಇಲ್ಲಿಗೆ ಹೋಗುವುದು ಬೆಳಗ್ಗೆ ಅಥವಾ ಸಂಜೆ. ಮಧ್ಯಾಹ್ನ 12ಕ್ಕೆ ಕಾರು ನಿಲ್ಲಿಸಿ ಗೇಟು ಅಲ್ಲಾಡಿಸಬೇಡಿ. ಸಮಯ ಗೇಟಿನ ಬೋರ್ಡಿನಲ್ಲಿ ಬರೆದಿರುತ್ತದೆ.

5 ಕಿಲೋಮೀಟರ್ ಮಗು ನಡೆಯುತ್ತಾ?

ನಡೆಯಲ್ಲ. ನಡೆಸಲೂಬೇಡಿ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಮಗಳಿಗೆ 4 ವರ್ಷ ಇದ್ದಾಗ ಪೂರ್ತಿ ಸುತ್ತು ಹಾಕಿಸಲೇಬೇಕು ಅಂತ ಹಟಕ್ಕೆ ಬಿದ್ದೆ. ಸರಿಯಾಗಿ ಅರ್ಧ ದಾರಿಯಲ್ಲಿ, ಅಂದರೆ ಹಿಂದಕ್ಕೂ ಅಷ್ಟೇ ಮುಂದಕ್ಕೂ ಅಷ್ಟೇ ದೂರ ಇರುವ ಜಾಗದಲ್ಲಿ ಅವಳು ಮಣ್ಣಲ್ಲಿ ಕೂತುಬಿಟ್ಟಳು. ಉಳಿದ ಎರಡು ಚಿಲ್ಲರೆ ಕಿಲೋಮೀಟರ್ ಹೆಗಲ ಮೇಲೆ. ಮನೆಗೆ ಬಂದು ಎರಡು ದಿನ ಕತ್ತು ತಿರುಗಿಸೋಕೆ ಆಗಲಿಲ್ಲ. ಕೆರೆ ಸುತ್ತಿನ ದಾರಿಯಲ್ಲಿ ಇದೊಂದು ತೊಂದರೆ. ಬೆಟ್ಟವಾದರೆ ಸಾಕು ಅನ್ನಿಸಿದ ಕೂಡಲೇ ಇಳಿಯಬಹುದು. ಕೆರೆಯಲ್ಲಿ ಅರ್ಧ ದಾಟಿದ ಮೇಲೆ ಶಾರ್ಟ್‌ಕಟ್ ಅಂದರೆ ಈಜುವುದೇ.

ಈಗ ನಮ್ಮ ಲೆಕ್ಕ ಬೇರೆ. ಹೋಗುವಾಗ 20 ನಿಮಿಷ, ಅಷ್ಟೇ. ಎಲ್ಲಿದ್ದರೂ ಅಲ್ಲಿಂದ ವಾಪಸ್. ಬರುವಾಗ ಅದೇ ದಾರಿಗೆ 40 ನಿಮಿಷ ಹಿಡಿಯುತ್ತದೆ, ಯಾಕಂದ್ರೆ ಹೋಗುವಾಗ ನೋಡಿದ ಇರುವೆ ಸಾಲು ಎಲ್ಲಿಗೆ ಬಂತು ಅಂತ ವಿಚಾರಿಸಬೇಕಲ್ಲ. 3 ವರ್ಷದವನಿಗೆ ಒಟ್ಟು ಒಂದೂವರೆ ಕಿಲೋಮೀಟರ್ ಧಾರಾಳ. 7 ವರ್ಷದವಳು ಮನಸ್ಸಿದ್ದರೆ ಪೂರ್ತಿ ಸುತ್ತುತ್ತಾಳೆ, ಮನಸ್ಸಿಲ್ಲದಿದ್ದರೆ ಗೇಟಿನಿಂದಲೇ ಕಾಲು ನೋಯುತ್ತದೆ.

ಕಾರಂಜಿ ಕೆರೆಗೂ ಇದಕ್ಕೂ ಏನು ವ್ಯತ್ಯಾಸ?

ಕಾರಂಜಿಗೆ ಟಿಕೆಟ್ ಇದೆ, ಕಾವಲಿದೆ, ಮಕ್ಕಳನ್ನ ಹಿಡಿದಿಡುವ ಸಾಮಾನೂ ಇದೆ. ಝೂನವರೇ ನೋಡಿಕೊಳ್ಳುವ ಕೆರೆ ಇದು. ನೀರು, ದಂಡೆ ಎಲ್ಲ ಸೇರಿ ಸುಮಾರು 90 ಹೆಕ್ಟೇರ್. ಚಿಟ್ಟೆ ಪಾರ್ಕ್ ಇದೆ, ಪೆಡಲ್ ದೋಣಿ ಇದೆ, ಹತ್ತಿ ನೋಡೋಕೆ ವಾಚ್ ಟವರ್ ಇದೆ. ದೊಡ್ಡ ಬಲೆಯೊಳಗೆ ನಾವೇ ನಡೆದು ಹೋಗಿ ನವಿಲು, ಬೇರೆ ಹಕ್ಕಿಗಳನ್ನ ನೋಡುವ ಪಂಜರವೂ ಇದೆ. ಅದರ ಎತ್ತರ ಸುಮಾರು 20 ಮೀಟರ್, ಒಳಗೆ ಮರಗಳೇ ಇವೆ. ನನ್ನ ಮಗ ಒಳಗೆ ಹೋದ ಕೂಡಲೇ ಕೇಳಿದ: ಈಗ ಪಂಜರದಲ್ಲಿ ಇರೋದು ಹಕ್ಕೀನಾ, ನಾವಾ?

ಇಲ್ಲಿ ನನಗೆ ಇಷ್ಟವಾಗುವುದು ಕೆರೆ ಹಿಂದೆ ಎದ್ದು ನಿಲ್ಲುವ ಚಾಮುಂಡಿ ಬೆಟ್ಟ. ಬೆಳಗ್ಗೆ ನೀರು ಅಲುಗಾಡದೆ ಇದ್ದರೆ ಬೆಟ್ಟ ತಲೆಕೆಳಗಾಗಿ ಕೆರೆಯೊಳಗೇ ಇರುತ್ತದೆ.

ಕಾಡಿನ ದಾರಿ ಬೇಕು, ಜನ ಕಡಿಮೆ ಇರಬೇಕು ಅನ್ನುವವರಿಗೆ ಭಾನುವಾರದ ಕಾರಂಜಿ ಹೇಳಿದ್ದಲ್ಲ. ವಾರದ ನಡುವೆ ಹೋಗಿ. ಮಂಗಳವಾರ ಮಾತ್ರ ಬಿಟ್ಟು, ಅವತ್ತು ಝೂಗೂ ಕಾರಂಜಿಗೂ ರಜ. ಹೊರಗಿನಿಂದ ಬರುವವರು ಪ್ರತಿ ಸಲ ಬೀಳುವುದು ಇದೇ ಗುಂಡಿಗೆ.

ದಂಡೆಯಲ್ಲೇ ಪ್ರಾಕೃತಿಕ ಇತಿಹಾಸದ ಪ್ರಾದೇಶಿಕ ವಸ್ತುಸಂಗ್ರಹಾಲಯ ಇದೆ, ಮಳೆ ಬಂದರೆ ಅಲ್ಲಿಗೆ ನುಗ್ಗಿಬಿಡಿ.

ಲಿಂಗಾಂಬುಧಿ ದೂರ ಅಲ್ವಾ? ಯಾಕೆ ಹೋಗಬೇಕು?

ದೂರ ಹೌದು. ಆಟೋ ಅಥವಾ ಸ್ವಂತ ಗಾಡಿ ಇದ್ದರೆ ಸುಲಭ. ಹೋಗಬೇಕಾದದ್ದು ಅಲ್ಲಿನ ಮೌನಕ್ಕೆ. ಮುಮ್ಮಡಿಯವರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಕೆರೆ ಇದು. ಅಂದರೆ ಈಗ ನಾವು ನೋಡುವ ಅರಮನೆಗಿಂತ ಎಷ್ಟೋ ಹಳೆಯದು. ಅರಮನೆ ಮುಗಿದದ್ದು 1912ರಲ್ಲಿ.

ಈಗ ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ದಾರಿ ಮಣ್ಣಿನದು, ನೆರಳು ಕೆಲವು ಕಡೆ ತೆಳು. ಹಕ್ಕಿ ನೋಡುವವರು ದುರ್ಬೀನು ಹಿಡಿದು ಬಂದಿರುತ್ತಾರೆ. ಅವರ ಹತ್ತಿರ ಹೋಗಿ ಮಕ್ಕಳಿಗೆ ಒಂದು ನಿಮಿಷ ತೋರಿಸ್ತೀರಾ ಅಂತ ಕೇಳಿ, ಇಲ್ಲ ಅಂದವರನ್ನ ನಾನು ಇನ್ನೂ ನೋಡಿಲ್ಲ. ಬರಗಾಲದ ವರ್ಷ ಈ ಕೆರೆ ಪೂರಾ ಬತ್ತಿದ್ದೂ ಉಂಟು, ಹಾಗಾಗಿ ಬೇಸಿಗೆ ಕೊನೆಯಲ್ಲಿ ಹೋಗಿ ನೀರೆಲ್ಲಿ ಅಂತ ಕೇಳಬೇಡಿ.

ಚಾಮುಂಡಿ ಬೆಟ್ಟದ ಮೆಟ್ಟಿಲು ಮಕ್ಕಳಿಂದ ಆಗುತ್ತಾ?

ಸುಮಾರು 1,000 ಮೆಟ್ಟಿಲು. ದೊಡ್ಡ ದೇವರಾಜ ಒಡೆಯರ್ 1664ರಲ್ಲಿ ಹಾಕಿಸಿದ್ದು. ಪಾದದಿಂದ ಶುರುವಿನ ಮೆಟ್ಟಿಲುಗಳೇ ಕಡಿದು, ನಮ್ಮಂಥವರ ದಮ್ಮು ಅಲ್ಲೇ ಹೋಗುತ್ತದೆ. 7 ವರ್ಷದ ಮೇಲಿನ ಮಕ್ಕಳು ಆರಾಮವಾಗಿ ಹತ್ತುತ್ತಾರೆ. ದೊಡ್ಡವರೇ ಅಲ್ಲಲ್ಲಿ ಕೂತು, ನೀರು ಕುಡಿದು, ಮೈಸೂರು ಎಷ್ಟು ಚೆನ್ನಾಗಿ ಕಾಣುತ್ತೆ ನೋಡು ಅಂತ ನೆವ ಹೇಳುತ್ತಾರೆ.

ಅಜ್ಜಿ, ಚಿಕ್ಕ ಮಗು ಇದ್ದರೆ ನಾವು ಮಾಡುವುದು ಹೀಗೆ. ಬಸ್ಸಿನಲ್ಲಿ ಬೆಟ್ಟದ ಮೇಲಕ್ಕೆ ಹೋಗುವುದು. ದೇವರ ದರ್ಶನ ಮುಗಿಸಿ ಅಲ್ಲಿಂದ ನಂದಿಯವರೆಗೆ ಮಾತ್ರ ಮೆಟ್ಟಿಲು ಇಳಿಯುವುದು, ಅದು ಸುಮಾರು 300. ನಂದಿ ಹತ್ತಿರ ರಸ್ತೆ ಇದೆ, ಗಾಡಿ ಅಲ್ಲಿಗೇ ಬರುತ್ತದೆ. ಆದರೆ ಮಂಡಿನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅದನ್ನ ಮೊದಲ ಸಲ ನಾನು ಯೋಚನೆ ಮಾಡಿರಲಿಲ್ಲ, ಅತ್ತೆ ಒಂದೊಂದು ಮೆಟ್ಟಿಲಿಗೂ ನನ್ನ ಮುಖ ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಈಗ ಅವರು ಸೀದಾ ಗಾಡಿಯಲ್ಲಿ ನಂದಿ ಹತ್ತಿರ ಬಂದು ಕೂರುತ್ತಾರೆ. ನಾವು ಇಳಿದು ಬರುತ್ತೇವೆ.

ನಂದಿಯ ಎತ್ತರ ಸುಮಾರು 16 ಅಡಿ, ಉದ್ದ 25 ಅಡಿ. ಕೊರಳಲ್ಲಿರುವ ಗಂಟೆಗಳ ಸರವನ್ನು ಕಲ್ಲಲ್ಲೇ ಕೆತ್ತಿದ್ದಾರೆ, ಮಕ್ಕಳಿಗೆ ಎಣಿಸೋಕೆ ಹೇಳಿ.

ಬೆಟ್ಟದ ರಸ್ತೆಯಲ್ಲಿ ನೋಟ ಸಿಗುವ ಜಾಗದಲ್ಲಿ ನಿಂತರೆ ಲಲಿತಮಹಲ್ ಬೆಳ್ಳಗೆ ಎದ್ದು ಕಾಣುತ್ತದೆ. ಕಾರಂಜಿ ಕೆರೆಯೂ ಕಾಣುತ್ತದೆ. ನಿನ್ನೆ ನಾವು ನಡೆದದ್ದು ಅಲ್ಲಿ ಅಂತ ಬೆರಳು ತೋರಿಸಿದರೆ ಮಕ್ಕಳ ತಲೆಯಲ್ಲಿ ಊರಿನ ನಕ್ಷೆ ತಾನಾಗಿ ಕೂರುತ್ತದೆ.

ಆಷಾಢ ಶುಕ್ರವಾರ ಮೆಟ್ಟಿಲು ದಾರಿಯ ಚೆಂದವೇ ಬೇರೆ, ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿರುತ್ತಾರೆ. ಆದರೆ ಕಾಲಿಡೋಕೆ ಜಾಗ ಇರುವುದಿಲ್ಲ, ಕೈಕೂಸು ಇರುವವರು ಆ ದಿನ ಬೇಡ.

ಬೆಟ್ಟದಲ್ಲಿ ಚಿರತೆ ಇದೆಯಂತೆ?

ಇದೆ. ಸುಳ್ಳು ಹೇಳಿ ಏನು ಪ್ರಯೋಜನ? ಬೆಟ್ಟದ ಕಾಡಲ್ಲಿ ಚಿರತೆ ಓಡಾಡುತ್ತದೆ, ರಾತ್ರಿ ಹೊತ್ತು ರಸ್ತೆಯಲ್ಲಿ ಕಂಡವರೂ ಇದ್ದಾರೆ. ಬಿಸಿಲು ಬಂದ ಮೇಲೆ ಹೊರಡಿ, ಸಂಜೆ ಕತ್ತಲಾಗುವ ಮೊದಲು ಕೆಳಗಿರಿ. ಮೆಟ್ಟಿಲು ಬಿಟ್ಟು ಪೊದೆ ಕಡೆ ಹೋಗಬೇಡಿ. ಮಕ್ಕಳು 30 ಮೆಟ್ಟಿಲು ಮುಂದೆ ಓಡೋದು, ನಾವು ಹಿಂದೆ ಏದುಸಿರು ಬಿಡೋದು ಆಗಬಾರದು. ಒಬ್ಬರು ದೊಡ್ಡವರು ಮುಂದೆ, ಒಬ್ಬರು ಹಿಂದೆ. ಬೆಳಗ್ಗೆ 8ಕ್ಕೆ ಹತ್ತುವ ಜನರ ಗಲಾಟೆಯಲ್ಲಿ ಯಾವ ಚಿರತೆಯೂ ಹತ್ತಿರ ಸುಳಿಯುವುದಿಲ್ಲ.

ಕೋತಿ, ನಾಯಿ, ಹಾವು?

ಕೋತಿ ನಿಜವಾದ ತಲೆನೋವು, ಅದರಲ್ಲೂ ಬೆಟ್ಟದಲ್ಲಿ. ಕೈಯಲ್ಲಿ ಕವರ್ ಕಂಡರೆ ಮುಗೀತು. ಒಳಗೆ ಇರುವುದು ದೇವರ ಪ್ರಸಾದವೋ ಔಷಧಿಯೋ ಅದಕ್ಕೆ ಬೇಕಿಲ್ಲ. ತಿಂಡಿ ಎಲ್ಲ ಜಿಪ್ ಇರುವ ಬ್ಯಾಗೊಳಗೆ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ, ಹಲ್ಲು ಕಿರಿಯುವ ಕೋತಿ ಮುಂದೆ ನೀವೂ ನಗಬೇಡಿ. ಅದು ನಗುತ್ತಿಲ್ಲ.

ನಾಯಿಗಳು ಕೆರೆ ಗೇಟಿನ ಹತ್ತಿರ ಗುಂಪಾಗಿ ಇರುತ್ತವೆ. ಓಡಬೇಡಿ, ಮಗುವನ್ನ ಒಳಮಗ್ಗುಲಿಗೆ ಹಾಕಿಕೊಂಡು ಸುಮ್ನೆ ನಡೆಯಿರಿ. ಹಾವು ಇರುತ್ತವೆ, ಮಳೆಗಾಲದಲ್ಲಿ ಜಾಸ್ತಿ. ದಾರಿ ಮಧ್ಯೆ ನಡೆದರೆ, ಎಲೆ ರಾಶಿಗೆ ಕೈ ಹಾಕದಿದ್ದರೆ ಹೆದರಬೇಕಿಲ್ಲ.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಕಾಟ ಕೊಟ್ಟದ್ದು ಸೊಳ್ಳೆ. ಸಂಜೆ ಹೋದರೆ ಮಕ್ಕಳಿಗೆ ಉದ್ದ ತೋಳು, ಉದ್ದ ಪ್ಯಾಂಟು.

ಯಾವ ತಿಂಗಳು ಒಳ್ಳೇದು?

ನವೆಂಬರಿಂದ ಫೆಬ್ರವರಿ. ಬೆಳಗ್ಗೆ ಚಳಿ, ಕೆರೆ ಮೇಲೆ ತೆಳ್ಳಗೆ ಮಂಜು, ಹಕ್ಕಿಗಳೂ ಚೆನ್ನಾಗಿ ಸಿಗುತ್ತವೆ. ಮಾರ್ಚಿಂದ ಮೇವರೆಗೆ ಬೆಳಗ್ಗೆ 9ರೊಳಗೆ ಮುಗಿಸಿಬಿಡಿ. ಜೂನ್ ಆದಮೇಲೆ ಹಸಿರು ಕಣ್ಣಿಗೆ ತಂಪು, ದಾರಿ ಮಾತ್ರ ಜಾರುತ್ತದೆ.

ದಸರಾ ಸಮಯದಲ್ಲಿ ಊರಿಗೆ ಊರೇ ತುಂಬಿರುತ್ತದೆ, ಆದರೆ ವಿಚಿತ್ರ ನೋಡಿ, ಜಂಬೂಸವಾರಿ ದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯಲ್ಲಿ ನಮ್ಮ ಪಾಡಿಗೆ ನಾವಿದ್ದೆವು. ಎಲ್ಲರೂ ಜಾಗ ಹಿಡಿಯೋಕೆ ಅರಮನೆ ಕಡೆ ಹೋಗಿದ್ದರು.

ಯಾವ ಹಕ್ಕಿ ಕಾಣುತ್ತವೆ? ನಮಗೆ ಹಕ್ಕಿ ಬಗ್ಗೆ ಏನೂ ಗೊತ್ತಿಲ್ಲ.

ನಮಗೂ ಗೊತ್ತಿರಲಿಲ್ಲ. ನಾಲ್ಕು ಹೆಸರು ಕಲಿತರೆ ಮೊದಲ ದಿನಕ್ಕೆ ಸಾಕು.

ಹೆಜ್ಜಾರ್ಲೆ. ದೊಡ್ಡ ದೇಹ, ಕೊಕ್ಕಿನ ಕೆಳಗೆ ಚೀಲ. ನೀರಿನ ಮೇಲೆ ದೋಣಿಯ ಹಾಗೆ ತೇಲುತ್ತದೆ. ಇಷ್ಟು ಭಾರದ ಹಕ್ಕಿ ಹಾರೋಕೆ ಶುರು ಮಾಡುವುದನ್ನ ನೋಡಬೇಕು. ನೀರಿನ ಮೇಲೆ ಧಪಧಪ ಕಾಲು ಬಡಿಯುತ್ತಾ ಓಡಿ, ಇನ್ನೇನು ಏಳಲ್ಲ ಅನ್ನುವಷ್ಟರಲ್ಲಿ ಎದ್ದುಬಿಡುತ್ತದೆ.

ಬಣ್ಣದ ಕೊಕ್ಕರೆ. ಹಳದಿ ಉದ್ದ ಕೊಕ್ಕು, ಬಾಲದ ಹತ್ತಿರ ಗುಲಾಬಿ ಬಣ್ಣ. ಲಿಪ್‌ಸ್ಟಿಕ್ ಬಳಿದ ಹಾಗೆ ಅಂತ ನನ್ನ ಮಗಳು ಹೇಳಿದಳು, ಜಾಗ ಮಾತ್ರ ತಪ್ಪಾಗಿದೆ ಅಂತ ಸೇರಿಸಿದಳು.

ನೀರುಕಾಗೆ. ಕಪ್ಪಗೆ, ಒಣಕೊಂಬೆ ಮೇಲೆ ಎರಡೂ ರೆಕ್ಕೆ ಅಗಲಿಸಿ ನಿಂತಿರುತ್ತದೆ. ಬಾತುಕೋಳಿಯ ಪುಕ್ಕದ ಹಾಗೆ ಇದರ ಪುಕ್ಕ ನೀರನ್ನು ಜಾರಿಸಿಬಿಡುವುದಿಲ್ಲ, ನೆನೆಯುತ್ತದೆ. ನೆನೆದ ಪುಕ್ಕ ಭಾರ, ಹಾಗಾಗಿ ಒಳಗೆ ಮುಳುಗಿ ಮೀನು ಹಿಡಿಯೋಕೆ ಅನುಕೂಲ. ಆಮೇಲೆ ಮೇಲೆ ಬಂದು ಬಟ್ಟೆ ಒಣಹಾಕಿದ ಹಾಗೆ ರೆಕ್ಕೆ ಒಣಹಾಕಬೇಕು.

ಹಾವಕ್ಕಿ. ಮೈಯೆಲ್ಲ ನೀರೊಳಗೆ, ಉದ್ದ ಕತ್ತು ಮಾತ್ರ ಮೇಲೆ. ಮೊದಲ ಸಲ ನೋಡಿದವರು ಹಾವು ಅಂತ ಕಿರುಚುವುದು ಗ್ಯಾರಂಟಿ. ನಮ್ಮತ್ತೆ ಕಿರುಚಿದ್ದರು.

ಮಿಂಚುಳ್ಳಿ, ಬೆಳ್ಳಕ್ಕಿ ನಿಮಗೆ ಗೊತ್ತೇ ಇರುತ್ತವೆ. ಒಂದು ಎಚ್ಚರಿಕೆ: ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಮಕ್ಕಳನ್ನ ದೂರ ಕರೆದುಕೊಂಡು ಹೋಗಿ ಗೇಟಿನವರಿಗೆ ತಿಳಿಸಿ. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದು ಝೂ ಸುಮಾರು ಒಂದು ತಿಂಗಳು ಮುಚ್ಚಿತ್ತು.

ಮಕ್ಕಳಿಗೆ ಬೋರ್ ಆದರೆ ಏನು ಮಾಡಲಿ?

ಕೆರೆಯನ್ನೇ ತೋರಿಸಿ. ತಮಾಷೆಗೆ ಹೇಳುತ್ತಿಲ್ಲ. ನಾವು ಕೆರೆ ಅಂದರೆ ಬರೀ ನೀರು ನೋಡುತ್ತೇವೆ, ಅದು ಒಂದು ಯಂತ್ರ ಅನ್ನುವುದು ಮರೆತೇ ಹೋಗಿದೆ.

ಮೊದಲು ಏರಿ. ನೀವು ನಡೆಯುವ ದಾರಿಯಲ್ಲಿ ಒಂದು ಭಾಗ ನೇರವಾಗಿ, ಎತ್ತರವಾಗಿ ಇರುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗು. ಅದೇ ಏರಿ. ನೀರನ್ನ ತಡೆದು ನಿಲ್ಲಿಸಿರುವುದು ಅದೇ. ಮಕ್ಕಳಿಗೆ ಎರಡೂ ಕಡೆ ಇಣುಕೋಕೆ ಹೇಳಿ, ಯಾವ ಕಡೆ ತಗ್ಗು ಅಂತ ಅವರೇ ಹೇಳುತ್ತಾರೆ. ಉಳಿದ ಕಡೆ ನೆಲ ತಾನಾಗಿ ಇಳಿಜಾರು, ಅಲ್ಲಿ ಕಟ್ಟುವ ಅಗತ್ಯವೇ ಇಲ್ಲ.

ಆಮೇಲೆ ತೂಬು. ಏರಿಯ ಅಡಿಯಿಂದ ನೀರು ಬಿಡುವ ಬಾಯಿ. ಗದ್ದೆಗೆ ಬೇಕಾದಾಗ ತೆಗೆಯುವುದು, ಸಾಕಾದಾಗ ಮುಚ್ಚುವುದು. ಹಳೇ ಕೆರೆಗಳಲ್ಲಿ ನೀರೊಳಗೆ ಕಲ್ಲಿನ ಕಂಬಗಳು ಎದ್ದು ನಿಂತಿರುತ್ತವೆ, ತೂಬಿನ ಜಾಗ ಅದು.

ಮೂರನೆಯದು ಕೋಡಿ. ಕೆರೆ ತುಂಬಿದ ಮೇಲೆ ಜಾಸ್ತಿ ಆದ ನೀರು ಹೊರಗೆ ಹೋಗುವ ದಾರಿ. ಇದು ಇಲ್ಲದಿದ್ದರೆ ನೀರು ಏರಿ ಮೇಲೇ ಹರಿದು ಮಣ್ಣು ಕೊಚ್ಚಿಹೋಗಿ ಕೆರೆ ಒಡೆಯುತ್ತದೆ. ಕೆರೆ ಕೋಡಿ ಬಿತ್ತು ಅಂದರೆ ಊರಿಗೆ ಸಂಭ್ರಮ, ಏರಿ ಒಡೀತು ಅಂದರೆ ಗೋಳು.

ನನ್ನ ಮಗಳು ಇದನ್ನ ಕೇಳಿಸಿಕೊಂಡು ಮನೆಗೆ ಬಂದು ಅಂಗಳದಲ್ಲಿ ಮಣ್ಣಿನ ಏರಿ ಕಟ್ಟಿ, ಒಂದು ಚಂಬು ನೀರು ಸುರಿದಳು. ಕೋಡಿ ಬಿಟ್ಟಿರಲಿಲ್ಲ. ಒಡೆದುಹೋಯಿತು. ಎರಡನೇ ಸಲ ಒಂದು ಮೂಲೆಯಲ್ಲಿ ಬೆರಳಲ್ಲಿ ತಗ್ಗು ಮಾಡಿದಳು. ನಿಂತಿತು. ಅರಮನೆಯಲ್ಲಿ ದರ್ಬಾರ್ ಹಾಲಿನ ಕಂಬಗಳನ್ನ ಎಷ್ಟು ವಿವರಿಸಿದರೂ ಅವಳು ಇಷ್ಟು ಮೈಯೆಲ್ಲ ಕಿವಿಯಾಗಿ ಕೇಳಿರಲಿಲ್ಲ.

ಕೆರೆ ನೀರು ಯಾಕೆ ಅಷ್ಟು ಹಸಿರು? ವಾಸನೆ ಬರುತ್ತೆ ಕೆಲವು ಸಲ.

ಬರುತ್ತದೆ, ಮುಚ್ಚಿಡುವುದು ಬೇಡ. ಕುಕ್ಕರಹಳ್ಳಿಗೆ ಹಿಂದೆ ಪೂರ್ಣಯ್ಯ ನಾಲೆಯಿಂದ ಮಳೆನೀರು ಬರುತ್ತಿತ್ತು. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ಅದು. ಊರು ಬೆಳೆದು ನಾಲೆ ಅಲ್ಲಲ್ಲಿ ಮುಚ್ಚಿಹೋಯಿತು. ಒಳ್ಳೇ ನೀರು ಬರುವುದು ಕಡಿಮೆಯಾಗಿ, ಮನೆಗಳ ಕೊಳಚೆ ಸೇರುವುದು ಶುರುವಾದರೆ ಪಾಚಿಗೆ ಹಬ್ಬ. ಅದು ಬೆಳೆದು, ಕೊಳೆತು, ನೀರಲ್ಲಿರುವ ಆಮ್ಲಜನಕ ತಿಂದುಹಾಕುತ್ತದೆ. ಮೀನು ಸಾಯುವುದು ಆಗಲೇ. ಬೇಸಿಗೆಯಲ್ಲಿ ನೀರು ಇಳಿದಾಗ ಇದು ಇನ್ನೂ ಜಾಸ್ತಿ.

ನೀರಿಗೆ ಇಳಿಯಬಹುದಾ? ಮೀನಿಗೆ ಕಡ್ಲೆಪುರಿ ಹಾಕಬಹುದಾ?

ಎರಡೂ ಬೇಡ. ದಂಡೆ ಕೆಸರು, ಮೇಲೆ ಗಟ್ಟಿ ಕಂಡರೂ ಕಾಲು ಇಟ್ಟರೆ ಮೊಣಕಾಲುವರೆಗೆ ಹೋಗುತ್ತದೆ. ನೀರಿನ ಪಕ್ಕ ಮಗುವಿನ ಕೈ ಬಿಡಬೇಡಿ, ಫೋಟೋ ತೆಗೆಯುವಾಗಂತೂ ಖಂಡಿತ ಬೇಡ. ಪುರಿ, ಬ್ರೆಡ್ಡು ಹಾಕಿದರೆ ಉಳಿದದ್ದು ಕೊಳೆಯುವುದು ಅದೇ ನೀರಲ್ಲಿ.

ಏನೇನು ತಗೊಂಡು ಹೋಗಬೇಕು?

ಸ್ಟೀಲ್ ಬಾಟಲಿಯಲ್ಲಿ ನೀರು, ಟೋಪಿ, ಒಂದು ಜೊತೆ ಜಾಸ್ತಿ ಬಟ್ಟೆ, ಒದ್ದೆ ಕರವಸ್ತ್ರ. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ. ಹವಾಯಿ ಚಪ್ಪಲಿ ಕೆಸರಲ್ಲಿ ಒಂದು ಹೆಜ್ಜೆ ಹಿಂದೆ ಉಳಿದುಬಿಡುತ್ತದೆ.

ಕಾರಂಜಿಯಲ್ಲಿ ಪ್ಲಾಸ್ಟಿಕ್ ವಿಷಯದಲ್ಲಿ ಬಿಗಿ ಇದೆ, ಬ್ಯಾಗ್ ನೋಡುತ್ತಾರೆ. ಚಿಪ್ಸ್ ಪ್ಯಾಕೆಟ್ಟು ಕಾರಲ್ಲೇ ಬಿಡಿ. ನಾವು ತಿಂಡಿಯನ್ನ ನಡೆದು ಮುಗಿಸಿದ ಮೇಲೆ, ಹೊರಗೆ ಬಂದೇ ತಿನ್ನುವುದು. ಒಂದು ಕಾರಣ ಕೋತಿ. ಇನ್ನೊಂದು, ಮುಂದೆ ದೋಸೆ ಇದೆ ಅಂತ ಗೊತ್ತಿದ್ದರೆ ಮಕ್ಕಳು ಕೊನೆಯ ಅರ್ಧ ಕಿಲೋಮೀಟರ್ ಗೊಣಗದೆ ನಡೆಯುತ್ತಾರೆ.

ಟಾಯ್ಲೆಟ್?

ಕಾರಂಜಿಯಲ್ಲಿ ಇದೆ. ಉಳಿದ ಕಡೆ ನಂಬಿಕೊಂಡು ಹೋಗಬೇಡಿ, ಮನೆಯಿಂದ ಹೊರಡುವಾಗಲೇ ಎಲ್ಲರನ್ನೂ ಒಂದು ಸಲ ಕಳಿಸಿ. ಬೇಡ ಅಂದವನನ್ನ ಎರಡು ಸಲ ಕಳಿಸಿ.

ಮಗುವಿನ ಗಾಡಿ, ವೀಲ್‌ಚೇರ್ ಹೋಗುತ್ತಾ?

ಕಾರಂಜಿಯ ದಾರಿಯಲ್ಲಿ ಚೆನ್ನಾಗಿ ಹೋಗುತ್ತದೆ. ಕುಕ್ಕರಹಳ್ಳಿಯಲ್ಲಿ ಒಣಗಿದ ದಿನ ದೊಡ್ಡ ಚಕ್ರದ್ದಾದರೆ ಹೋಗುತ್ತದೆ, ಮಳೆ ಬಂದ ಮಾರನೇ ದಿನ ಎಳೆದು ಸುಸ್ತಾಗುತ್ತೀರಿ. ಲಿಂಗಾಂಬುಧಿಯಲ್ಲಿ ಕಷ್ಟ. ಬೆಟ್ಟದಲ್ಲಿ ಮೇಲಿನ ದೇವಸ್ಥಾನ, ನಂದಿ ಎರಡಕ್ಕೂ ರಸ್ತೆಯಿಂದಲೇ ಹೋಗಬಹುದು.

ನಮ್ಮ ನಾಯಿ ಕರ್ಕೊಂಡು ಬರಬಹುದಾ?

ಬೇಡ. ದಂಡೆಯಲ್ಲಿ ಹಕ್ಕಿ ಮರಿ ಇರುತ್ತವೆ.

ಒಂದೇ ದಿನದಲ್ಲಿ ಅರಮನೆ, ಕೆರೆ ಎರಡೂ ಆಗುತ್ತಾ?

ಆಗುತ್ತದೆ, ಆದರೆ ಕೆರೆ ಮೊದಲು. ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ, ಎಂಟೂವರೆಗೆ ತಿಂಡಿ. ಅರಮನೆ ತೆಗೆಯುವುದು 10ಕ್ಕೆ, ತೆಗೆದ ಕೂಡಲೇ ಹೋದರೆ ನೂಕುನುಗ್ಗಲು ಕಡಿಮೆ. ಒಳಗೆ ಚಪ್ಪಲಿ ಬಿಡಬೇಕು, ಕೆಸರಾದ ಸಾಕ್ಸ್ ಬದಲಾಯಿಸಿ ಹೋಗಿ. ಮಧ್ಯಾಹ್ನ ಮಲಗಿಸಿ. ಭಾನುವಾರ ಅಥವಾ ಸರ್ಕಾರಿ ರಜೆ ಆದರೆ ಸಂಜೆ 7ಕ್ಕೆ ಅರಮನೆ ದೀಪ ಹಾಕುತ್ತಾರೆ, ಸುಮಾರು 97,000 ಬಲ್ಬು ಒಟ್ಟಿಗೆ. ಆ ಕ್ಷಣಕ್ಕೆ ಇಡೀ ಜನ ಒಟ್ಟಿಗೆ ಓ ಅನ್ನುತ್ತಾರೆ, ಎಷ್ಟನೇ ಸಲ ನೋಡಿದರೂ ನನ್ನ ಬಾಯಿಂದಲೂ ಬರುತ್ತದೆ.

ಬೆಟ್ಟವನ್ನೂ ಅದೇ ದಿನಕ್ಕೆ ತುರುಕಬೇಡಿ.

ಕೆರೆ ಹತ್ತಿರ ಬೇರೆ ಅರಮನೆಗಳೂ ಇವೆಯಂತಲ್ಲ?

ಇವೆ. ಕಾರಂಜಿ ಮುಗಿಸಿ ಸ್ವಲ್ಪ ಮುಂದೆ ಹೋದರೆ ಲಲಿತಮಹಲ್. ನಾಲ್ವಡಿ ಕೃಷ್ಣರಾಜ ಒಡೆಯರ್ ವೈಸರಾಯ್ ಬಂದರೆ ಉಳಿದುಕೊಳ್ಳಲಿ ಅಂತ ಕಟ್ಟಿಸಿದ್ದು, ಕೆಲಸ ಶುರುವಾದದ್ದು 1921ರಲ್ಲಿ. ಈಗ ಹೋಟೆಲ್.

ಕುಕ್ಕರಹಳ್ಳಿ ಪಕ್ಕ, ಮಾನಸಗಂಗೋತ್ರಿ ಒಳಗೆ ಜಯಲಕ್ಷ್ಮಿವಿಲಾಸ ಇದೆ, 1905ರದ್ದು. ಇದರ ಹಿಂದೆ ಒಂದು ಕಥೆ ಇದೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಹಳೇ ಮರದ ಅರಮನೆ ಸುಟ್ಟುಹೋಯಿತು. ಅದರ ಜಾಗದಲ್ಲಿ ಹೆನ್ರಿ ಇರ್ವಿನ್ ನಕ್ಷೆಯ ಪ್ರಕಾರ ಎದ್ದದ್ದೇ ಈಗಿನ ಅರಮನೆ. ಅದೇ ಮದುಮಗಳಿಗೆ ಅಂತ ಕಟ್ಟಿಸಿದ್ದು ಈ ಜಯಲಕ್ಷ್ಮಿವಿಲಾಸ. ಕೆರೆ ದಾರಿಯಲ್ಲಿ ನಡೆಯುತ್ತಾ ಇದನ್ನ ಹೇಳಿದಾಗ ಮಗಳು ಕೇಳಿದಳು: ಬೆಂಕಿ ಬಿದ್ದ ಮದುವೆ ಅಂತ ಕೆರೆ ಪಕ್ಕ ಮನೆ ಕಟ್ಟಿಸಿದ್ರಾ? ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಒಂದು ಹೆಜ್ಜಾರ್ಲೆ ಧಪಧಪ ಅಂತ ಓಡೋಕೆ ಶುರು ಮಾಡಿತು, ಅವಳು ಅದರ ಹಿಂದೆ ಹೋದಳು.